ಕೀಟೋನ್ ಪರೀಕ್ಷೆ: ಮೂತ್ರದ ಸ್ಟ್ರಿಪ್, ರಕ್ತದ ಮೀಟರ್, ಲ್ಯಾಬ್ – ಯಾರ ಮನೆಗೆ ಯಾವುದು?

ಮೆಡಿಕಲ್ ಸ್ಟೋರಿನಲ್ಲಿ "ಯೂರಿನ್ ಸ್ಟ್ರಿಪ್ ಕೊಡಿ" ಎಂದಷ್ಟೇ ಕೇಳಿದರೆ ಯೂರಿಸ್ಟಿಕ್ಸ್ ಡಬ್ಬಿ ಕೈಗೆ ಬರಬಹುದು. ಅದು ನೋಡುವುದು ಸಕ್ಕರೆ ಮತ್ತು ಪ್ರೋಟೀನ್. ಕೀಟೋನ್, ಅಂದರೆ ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ವಸ್ತು, ಅದರಲ್ಲಿ ಇಲ್ಲವೇ ಇಲ್ಲ. ಡಯಾಸ್ಟಿಕ್ಸ್ ಸಕ್ಕರೆಗೆ ಮಾತ್ರ. ಕೀಟೋನ್ ಬೇಕಿದ್ದರೆ ಕೀಟೋಸ್ಟಿಕ್ಸ್ ಕೇಳಬೇಕು, ಸಕ್ಕರೆಯೂ ಜೊತೆಗೆ ಬೇಕಿದ್ದರೆ ಕೀಟೋ-ಡಯಾಸ್ಟಿಕ್ಸ್, ಇಲ್ಲವೇ ಲ್ಯಾಬಿನವರು ಬಳಸುವ ಹತ್ತು ಪ್ಯಾಡಿನ ಸ್ಟ್ರಿಪ್. ಬೇರೆ ಕಂಪನಿಯದಾದರೂ ಅಡ್ಡಿಯಿಲ್ಲ. ಡಬ್ಬಿಯ ಮೇಲಿನ ಬಣ್ಣದ ಪಟ್ಟಿಯಲ್ಲಿ ಕೀಟೋನ್ ಸಾಲು ಇದೆಯೇ, ಅವಧಿ ಮುಗಿಯುವ ತಿಂಗಳು ಯಾವುದು ಎಂದು ದುಡ್ಡು ಕೊಡುವ ಮೊದಲೇ ತಿರುಗಿಸಿ ನೋಡಿ.

ಸರಿಯಾದ ಡಬ್ಬಿ ಸಿಕ್ಕ ಮೇಲೂ ನಿಜವಾದ ಪ್ರಶ್ನೆ ಹಾಗೇ ಉಳಿದಿರುತ್ತದೆ: ನಿಮಗೆ ಮೂತ್ರದ ಪರೀಕ್ಷೆ ಸಾಕೇ, ರಕ್ತದ ಮೀಟರ್ ಬೇಕೇ? ತೂಕ ಇಳಿಸಲು ಅನ್ನ, ಮುದ್ದೆ ಬಿಟ್ಟವರಿಗೆ ಕೀಟೋನ್ ಎಂದರೆ ಡಯಟ್ ಸರಿಯಾಗಿ ನಡೆಯುತ್ತಿದೆ ಎಂಬ ಗುರುತು. ಟೈಪ್ 1 ಮಧುಮೇಹ ಇರುವ ಮಗುವಿನ ಮನೆಯಲ್ಲಿ ಅದೇ ಕೀಟೋನ್ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕೇ ಬೇಡವೇ ಎಂಬ ತೀರ್ಮಾನ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗೆ ಹಣ ದಂಡ, ಇನ್ನೊಬ್ಬರಿಗೆ ಜೀವಕ್ಕೇ ಅಪಾಯ.

ಸ್ಟ್ರಿಪ್ ನೋಡುವ ಕೀಟೋನ್, ನೋಡದ ಕೀಟೋನ್

ದೇಹಕ್ಕೆ ಗ್ಲುಕೋಸ್ ಬಳಸಲು ಆಗದಿದ್ದಾಗ, ಅಂದರೆ ಇನ್ಸುಲಿನ್ ಸಾಲದೆ ಇದ್ದಾಗ ಅಥವಾ ಹೊಟ್ಟೆಗೆ ಏನೂ ಬೀಳದೆ ಇದ್ದಾಗ, ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ತಯಾರಿಸುತ್ತದೆ. ಅವು ಮೂರು ಬಗೆ: ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋನ್. ಮೂತ್ರದ ಸ್ಟ್ರಿಪ್ಪಿನ ಪ್ಯಾಡಿನಲ್ಲಿರುವ ಸೋಡಿಯಂ ನೈಟ್ರೋಪ್ರಸೈಡ್ ಅಸಿಟೋಅಸಿಟೇಟ್ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ರೊಥೆರಾ ಟೆಸ್ಟ್ ಮಾಡಿದವರಿಗೆ ಆ ನೇರಳೆ ಉಂಗುರ ನೆನಪಿರುತ್ತದೆ. ಇದೂ ಅದೇ ರಸಾಯನ ಕ್ರಿಯೆ. ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮಾತ್ರ ಈ ಪ್ಯಾಡಿಗೆ ಕಾಣಿಸುವುದೇ ಇಲ್ಲ.

ಆರೋಗ್ಯವಂತರ ಮಟ್ಟಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಅವರಲ್ಲಿ ಈ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಆದರೆ ಮಧುಮೇಹದ ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ, ವೈದ್ಯರು ಡಿಕೆಎ ಎನ್ನುವ ಸ್ಥಿತಿ, ಶುರುವಾದಾಗ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅಸಿಟೋಅಸಿಟೇಟಿನ ಮೂರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿನವರೆಗೂ ಏರುತ್ತದೆ. ಅಪಾಯ ಹೆಚ್ಚಾದಷ್ಟೂ ಸ್ಟ್ರಿಪ್ಪಿನ ಕಣ್ಣಿಗೆ ಬೀಳದ ಪಾಲೇ ಹೆಚ್ಚು. ಚಿಕಿತ್ಸೆ ಶುರುವಾದ ಮೇಲೆ ಇದರ ತಿರುಗುಮುರುಗು: ಇನ್ಸುಲಿನ್ ಕೊಟ್ಟಂತೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮತ್ತೆ ಅಸಿಟೋಅಸಿಟೇಟ್ ಆಗುತ್ತದೆ, ಮೂತ್ರದಲ್ಲಿ ಕೀಟೋನ್ ಗಟ್ಟಿಯಾಗಿಯೇ ಕಾಣುತ್ತದೆ, ರೋಗಿ ಮಾತ್ರ ಚೇತರಿಸಿಕೊಳ್ಳುತ್ತಿರುತ್ತಾರೆ. ಸುಧಾರಣೆಯನ್ನು ಮೂತ್ರದ ಸ್ಟ್ರಿಪ್ಪಿನಿಂದ ಅಳೆಯಬಾರದು ಎನ್ನುವುದು ಇದಕ್ಕೇ.

ಎರಡನೆಯ ಕೊರತೆ ಸಮಯದ್ದು. ಮೂತ್ರಕೋಶದಲ್ಲಿರುವುದು ಕಳೆದ ಕೆಲವು ಗಂಟೆಗಳಲ್ಲಿ ಸೇರಿದ ಮೂತ್ರ. ಸಂಪಿನಲ್ಲಿ ನಿಂತ ನೀರು ನೋಡಿ ಈ ಕ್ಷಣ ನಲ್ಲಿಯಲ್ಲಿ ಏನು ಬರುತ್ತಿದೆ ಎಂದು ಹೇಳಲಾಗದು, ಹಾಗೆಯೇ ಇದು. ಬೆಳಗಿನ ಮೊದಲ ಮೂತ್ರ ಇಡೀ ರಾತ್ರಿಯ ಲೆಕ್ಕ. ಈಗಿನ ಸ್ಥಿತಿ ತಿಳಿಯಬೇಕಿದ್ದರೆ ಒಮ್ಮೆ ಪೂರ್ತಿ ಮೂತ್ರ ಮಾಡಿ, ಒಂದು ಲೋಟ ನೀರು ಕುಡಿದು, ಅರ್ಧ ಗಂಟೆ ಬಿಟ್ಟು ಬಂದ ಎರಡನೆಯ ಮೂತ್ರವನ್ನು ನೋಡಿ.

ಮೂತ್ರದ ಸ್ಟ್ರಿಪ್ ಬಳಸುವ ಕ್ರಮ

ಅಗ್ಗ, ಸೂಜಿ ಚುಚ್ಚುವ ನೋವಿಲ್ಲ, ಚಿಕ್ಕ ಮಕ್ಕಳೂ ಒಪ್ಪುತ್ತಾರೆ. ಒಂದು ರಕ್ತದ ಸ್ಟ್ರಿಪ್ಪಿನ ದುಡ್ಡಿಗೆ ಇವು ಹಲವು ಬರುತ್ತವೆ. ಮೀಟರ್ ಇದ್ದ ಮನೆಯಲ್ಲೂ ಒಂದು ಡಬ್ಬಿ ಇರಲಿ ಎನ್ನುವುದು ಇದಕ್ಕಾಗಿಯೇ.

ಸ್ವಚ್ಛವಾದ ಒಣ ಲೋಟಕ್ಕೆ ಮೂತ್ರ ಹಿಡಿಯಿರಿ. ಒಣ ಕೈಯಲ್ಲಿ ಒಂದೇ ಸ್ಟ್ರಿಪ್ ತೆಗೆದು ತಕ್ಷಣ ಮುಚ್ಚಳ ಬಿಗಿಯಾಗಿ ಹಾಕಿ. ಪ್ಯಾಡ್ ಪೂರ್ತಿ ಮುಳುಗುವಂತೆ ಅದ್ದಿ ಕೂಡಲೇ ತೆಗೆಯಿರಿ, ಅಂಚನ್ನು ಲೋಟದ ಬಾಯಿಗೆ ಸವರಿ ಹೆಚ್ಚಿನ ಹನಿ ಬೀಳಿಸಿ, ಸ್ಟ್ರಿಪ್ ಅಡ್ಡಲಾಗಿ ಹಿಡಿದು ಸೆಕೆಂಡ್ ಎಣಿಸಿ. ಕೀಟೋಸ್ಟಿಕ್ಸ್‌ಗೆ 15 ಸೆಕೆಂಡ್. ಕೀಟೋ-ಡಯಾಸ್ಟಿಕ್ಸ್‌ನಲ್ಲಿ ಕೀಟೋನ್ ಪ್ಯಾಡಿಗೆ 15, ಸಕ್ಕರೆ ಪ್ಯಾಡಿಗೆ 30. ಮಲ್ಟಿಸ್ಟಿಕ್ಸ್ ಎಂಬ ಹತ್ತು ಪ್ಯಾಡಿನದರಲ್ಲಿ ಕೀಟೋನ್ ಓದುವುದು 40ನೇ ಸೆಕೆಂಡಿಗೆ. ಬೇರೆ ಕಂಪನಿಯದಾದರೆ ಡಬ್ಬಿಯ ಮೇಲೆ ಬರೆದ ಸೆಕೆಂಡೇ ಅಂತಿಮ. ಎರಡು ನಿಮಿಷ ಬಿಟ್ಟು ನೋಡಿದರೆ ಬಣ್ಣ ಗಾಢವಾಗಿ ಇಲ್ಲದ ಗಾಬರಿ ಹುಟ್ಟಿಸುತ್ತದೆ. ಸಮಯ ಮೀರಿದ ಸ್ಟ್ರಿಪ್ ಎಸೆದು ಹೊಸದನ್ನು ಅದ್ದಿ.

ಬಣ್ಣ ಹೋಲಿಸುವಾಗ ಬೆಳಕು ಮುಖ್ಯ. ಬಚ್ಚಲುಮನೆಯ ಹಳದಿ ಬಲ್ಬಿನಡಿ ತಿಳಿ ಗುಲಾಬಿಗೂ ಬಾದಾಮಿ ಬಣ್ಣಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಿಟಕಿಯ ಬಳಿ ಅಥವಾ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಪ್ಯಾಡನ್ನು ಪಟ್ಟಿಯ ಪಕ್ಕಕ್ಕೇ ತಂದು ನೋಡಿ. ಬಾದಾಮಿ ಬಣ್ಣ ಇದ್ದರೆ ಇಲ್ಲ ಎಂದರ್ಥ. ಅಲ್ಲಿಂದ ಗುಲಾಬಿ, ಗುಲಾಬಿಯಿಂದ ನೇರಳೆ, ಕೊನೆಗೆ ಕಡುನೇರಳೆ. ಸಾಮಾನ್ಯವಾಗಿ ಪಟ್ಟಿಯ ಮೆಟ್ಟಿಲುಗಳು ಪ್ರತಿ ಡೆಸಿಲೀಟರಿಗೆ 5 ಮಿಲಿಗ್ರಾಂ ಅಂದರೆ ಟ್ರೇಸ್, 15 ಅಂದರೆ ಸ್ವಲ್ಪ, 40 ಅಂದರೆ ಮಧ್ಯಮ, 80 ಮತ್ತು 160 ಅಂದರೆ ಹೆಚ್ಚು. ರಕ್ತದ ಮೀಟರ್ ತೋರಿಸುವ ಅಳತೆಯಾದ ಮಿಲಿಮೋಲ್‌ಗೆ ಬದಲಿಸಲು ಹತ್ತರಿಂದ ಭಾಗಿಸಿದರೆ ಸರಿಸುಮಾರು ಸಿಗುತ್ತದೆ: 15 ಎಂದರೆ 1.5. ಆದರೆ ಮೂತ್ರದ 1.5 ಮತ್ತು ರಕ್ತದ 1.5 ಒಂದೇ ಅಲ್ಲ. ಅಳೆಯುವ ವಸ್ತುವೇ ಬೇರೆ, ಜೊತೆಗೆ ಮೂತ್ರ ಎಷ್ಟು ಗಟ್ಟಿ ಎಷ್ಟು ನೀರು ಎಂಬುದರ ಮೇಲೂ ಅಂಕಿ ಏರಿಳಿಯುತ್ತದೆ. ನೀರು ಕುಡಿಯದೆ ಒಣಗಿದ್ದರೆ ಗಾಢ, ಎರಡು ಬಾಟಲಿ ಕುಡಿದಿದ್ದರೆ ತೆಳು.

ತಪ್ಪು ಉತ್ತರ ಬರಲು ಹೆಚ್ಚಾಗಿ ಕಾರಣ ಡಬ್ಬಿಯ ಆರೈಕೆ. ಪ್ಯಾಡಿನ ರಾಸಾಯನಿಕಕ್ಕೆ ತೇವ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಮುಚ್ಚಳ ಅರೆಬರೆ ಹಾಕಿಟ್ಟರೆ ಪ್ಯಾಡ್ ಮಂಕಾಗಿ, ಕೀಟೋನ್ ಇದ್ದರೂ ಬಣ್ಣ ಏಳುವುದಿಲ್ಲ. ಫ್ರಿಜ್ಜಿನಲ್ಲೂ ಇಡಬಾರದು, ಹೊರಗೆ ತೆಗೆದಾಗ ಒಳಗೆ ನೀರಾಡುತ್ತದೆ. 30 ಡಿಗ್ರಿಗಿಂತ ಕೆಳಗಿನ ಒಣ ಕಪಾಟು ಸರಿ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಇದು ಸುಲಭ, ಮಾರ್ಚ್‌ನಿಂದ ಮೇವರೆಗೆ ಮಾತ್ರ ಬಿಸಿಲು ತಾಗುವ ಗೋಡೆ, ಸ್ಕೂಟರ್ ಡಿಕ್ಕಿ, ನಿಲ್ಲಿಸಿದ ಕಾರು ಬೇಡ. ಮುಚ್ಚಳದ ಒಳಗಿನ ತೇವ ಹೀರುವ ಕಾಳನ್ನು ಎಸೆಯಬೇಡಿ. ಕೀಟೋಸ್ಟಿಕ್ಸ್ ತೆರೆದ ಮೇಲೆ 6 ತಿಂಗಳು ಮಾತ್ರ, ಹಾಗಾಗಿ ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಸ್ಟ್ರಿಪ್ಪನ್ನು ಉದ್ದುದ್ದ ಕತ್ತರಿಸಿ ಎರಡು ಮಾಡಿ ಉಳಿಸುವ ರೂಢಿ ಕೆಲವರಲ್ಲಿದೆ. ಡಯಟ್ ನೋಡಿಕೊಳ್ಳಲು ಅದು ಅವರವರ ಇಷ್ಟ, ಕಾಯಿಲೆಯ ಮನೆಯಲ್ಲಿ ಬೇಡ.

ಔಷಧಗಳಿಂದಲೂ ಬಣ್ಣ ದಾರಿ ತಪ್ಪುತ್ತದೆ. ಬಿಪಿಯ ಕ್ಯಾಪ್ಟೊಪ್ರಿಲ್, ಕಫ ಕರಗಿಸಲು ಕೊಡುವ ಎನ್-ಅಸಿಟೈಲ್‌ಸಿಸ್ಟೀನ್, ಪೆನಿಸಿಲಮೈನ್, ಪಾರ್ಕಿನ್ಸನ್‌ನ ಲೆವೊಡೋಪ ಇವು ಕೀಟೋನ್ ಇಲ್ಲದಿದ್ದರೂ ಇದೆ ಎಂದು ತೋರಿಸಬಲ್ಲವು. ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗಿದ್ದರೆ ಇದ್ದರೂ ಇಲ್ಲ ಎನ್ನಬಹುದು.

ರಕ್ತದ ಮೀಟರ್

ಇದು ಅಳೆಯುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನೇ, ಅದೂ ಈ ಕ್ಷಣದ್ದು. ಬಣ್ಣ ಊಹಿಸುವ ಕೆಲಸವಿಲ್ಲ, ಸುಮಾರು 10 ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಮೂತ್ರವೇ ಬಾರದಷ್ಟು ನಿರ್ಜಲೀಕರಣ ಆದವರಿಗೆ, ಡೈಪರ್ ಹಾಕಿದ ಮಗುವಿಗೆ ಇದೇ ಅನುಕೂಲದ ದಾರಿ.

ಕೊಳ್ಳುವ ಮುನ್ನ ಕೇಳಬೇಕಾದದ್ದು ಮೀಟರ್ ಬೆಲೆಯನ್ನಲ್ಲ, ಕೀಟೋನ್ ಸ್ಟ್ರಿಪ್ ನಿಯಮಿತವಾಗಿ ಸಿಗುತ್ತದೆಯೇ ಎಂಬುದನ್ನು. ಮನೆಯಲ್ಲಿರುವ ಸಾಮಾನ್ಯ ಗ್ಲುಕೋಮೀಟರುಗಳಲ್ಲಿ ಬಹುಪಾಲು ಕೀಟೋನ್ ನೋಡುವುದಿಲ್ಲ. ಎರಡನ್ನೂ ನೋಡುವ ಮೀಟರಿಗೂ ಕೀಟೋನ್ ಸ್ಟ್ರಿಪ್ ಬೇರೆಯೇ ಕೊಳ್ಳಬೇಕು. ಬೀದಿ ತಿರುವಿನ ಅಂಗಡಿಯಲ್ಲಿ ಇವು ಸಿಗುವ ಭರವಸೆಯಿಲ್ಲ. ದೊಡ್ಡ ಆಸ್ಪತ್ರೆಗಳ ಆಸುಪಾಸಿನ ಮೆಡಿಕಲ್ ಸ್ಟೋರುಗಳಿಗೆ ಮೊದಲೇ ಫೋನ್ ಮಾಡಿ ವಿಚಾರಿಸಿ ಅಥವಾ ಆನ್‌ಲೈನಿನಲ್ಲಿ ತರಿಸಿ. ಬಿಡಿಬಿಡಿಯಾಗಿ ಫಾಯಿಲಿನಲ್ಲಿ ಸುತ್ತಿದ ಸ್ಟ್ರಿಪ್ ಆರಿಸಿ. ಆರು ತಿಂಗಳು ಬೇಕಾಗದೆ ಇದ್ದರೂ ಉಳಿದವು ಕೆಡುವುದಿಲ್ಲ. ಎಲ್ಲವೂ ಒಂದೇ ಡಬ್ಬಿಯಲ್ಲಿದ್ದರೆ ತೆರೆದ ಮೇಲೆ ಅವಧಿಯ ಗಡಿಯಾರ ಓಡಲು ಶುರು.

ಬೆರಳು ಚುಚ್ಚುವ ಮೊದಲು ಸೋಪಿನಿಂದ ಕೈ ತೊಳೆದು ಒರೆಸಿ. ಕೀಟೋನ್ ಸ್ಟ್ರಿಪ್ಪಿಗೆ ಶುಗರ್ ಸ್ಟ್ರಿಪ್ಪಿಗಿಂತ ತುಸು ದೊಡ್ಡ ಹನಿ ಬೇಕಾಗಬಹುದು. ಹನಿ ಸಾಲದಿದ್ದರೆ ಎರರ್ ಬಂದು ದುಬಾರಿ ಸ್ಟ್ರಿಪ್ ವ್ಯರ್ಥವಾಗುತ್ತದೆ. ಕೈ ತಣ್ಣಗಿದ್ದರೆ ಬೆಚ್ಚನೆ ನೀರಿನಲ್ಲಿ ಒಂದು ನಿಮಿಷ ಇಟ್ಟು, ಬೆರಳ ಪಕ್ಕಕ್ಕೆ ಚುಚ್ಚಿ.

ಅಂಕಿಯ ಅರ್ಥ ಹೀಗೆ. ಪ್ರತಿ ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆ ಸಹಜ. 0.6ರಿಂದ 1.5 ಎಚ್ಚರಿಕೆ: ಎರಡು ಗಂಟೆಯಲ್ಲಿ ಮತ್ತೆ ನೋಡಬೇಕು. 1.6ರಿಂದ 2.9 ಇದ್ದರೆ ಡಿಕೆಎ ಸಾಧ್ಯತೆ ಇದೆ, ಕೂಡಲೇ ವೈದ್ಯರನ್ನು ಸಂಪರ್ಕಿಸಬೇಕು. 3.0 ಮತ್ತು ಮೇಲೆ ತುರ್ತು ಚಿಕಿತ್ಸಾ ಘಟಕ. ಮೂತ್ರದಲ್ಲಾದರೆ 2+ (ಪಟ್ಟಿಯ ಮಧ್ಯಮ) ಅಥವಾ ಅದಕ್ಕಿಂತ ಹೆಚ್ಚು ಬಂದಾಗ ಅದೇ ತುರ್ತು. 2024ರ ಅಂತರರಾಷ್ಟ್ರೀಯ ಒಮ್ಮತದ ವರದಿಯಲ್ಲಿ ಡಿಕೆಎ ಗುರುತಿಸಲು ಇಟ್ಟಿರುವ ಕೀಟೋನ್ ಗಡಿಯೂ ಇದೇ: ರಕ್ತದಲ್ಲಿ 3.0 ಅಥವಾ ಮೂತ್ರದಲ್ಲಿ 2+. ಅದರ ಜೊತೆಗೆ ರಕ್ತದ ಆಮ್ಲೀಯತೆ, ಬೈಕಾರ್ಬೊನೇಟ್ ನೋಡಿಯೇ ವೈದ್ಯರು ತೀರ್ಮಾನಿಸುತ್ತಾರೆ. ಈ ಗಡಿಗಳು ಮಧುಮೇಹ ಇರುವವರಿಗೆ. ಮಧುಮೇಹವಿಲ್ಲದೆ ಕೀಟೋ ಡಯಟ್ ಮಾಡುವವರಲ್ಲಿ 0.5ರಿಂದ 3.0 ನಿರೀಕ್ಷಿತ.

ಲ್ಯಾಬಿನ ಯೂರಿನ್ ರೊಟೀನ್

ಲ್ಯಾಬಿನ ವರದಿಯಲ್ಲಿ "ಕೀಟೋನ್: ನಿಲ್" ಎಂದಿದ್ದರೆ ಜನ ನಿರಾಳರಾಗುತ್ತಾರೆ. ಆದರೆ ಅಲ್ಲೂ ಬಳಸಿದ್ದು ಹೆಚ್ಚಾಗಿ ಅದೇ ನೈಟ್ರೋಪ್ರಸೈಡ್ ಸ್ಟ್ರಿಪ್, ಯಂತ್ರ ಓದಿರುತ್ತದೆ ಅಷ್ಟೇ. ಮೇಲಾಗಿ ಮಾದರಿ ಹಳತಾದರೆ ಬ್ಯಾಕ್ಟೀರಿಯಾ ಅಸಿಟೋಅಸಿಟೇಟನ್ನು ತಿಂದುಹಾಕುತ್ತವೆ, ಅಸಿಟೋನ್ ಆವಿಯಾಗಿ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಮನೆಗೆ ಬಂದು ಮಾದರಿ ಒಯ್ದವರು ಇನ್ನೂ ಐದಾರು ಮನೆ ಮುಗಿಸಿ, ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಲ್ಯಾಬ್ ಸೇರುವಷ್ಟರಲ್ಲಿ ಹೊತ್ತೇರಿರುತ್ತದೆ. ಮೂತ್ರ ಒಂದು ಗಂಟೆಯೊಳಗೆ ಪರೀಕ್ಷೆಯಾಗಬೇಕು, ಆಗದಿದ್ದರೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕೀಟೋನ್ ವಿಚಾರಕ್ಕಾದರೆ ಲ್ಯಾಬಿಗೇ ಹೋಗಿ ಅಲ್ಲೇ ಮೂತ್ರ ಕೊಡಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಯೂರಿನ್ ರೊಟೀನ್ ಬೇರೆ ಕಾರಣಗಳಿಗೆ ಒಳ್ಳೆಯ ಪರೀಕ್ಷೆ. ಕಾಯಿಲೆ ಬಿದ್ದ ದಿನ ಕೀಟೋನ್ ಹಿಂಬಾಲಿಸಲು ಅದನ್ನು ಕಾಯುತ್ತಾ ಕೂರುವುದು ಸರಿಯಲ್ಲ.

ಉಸಿರಿನಿಂದ ಅಸಿಟೋನ್ ಅಳೆಯುವ ಉಪಕರಣಗಳೂ ಮಾರಾಟಕ್ಕಿವೆ. ಡಯಟ್ ಮಾಡುವವರಿಗೆ ಮತ್ತೆಮತ್ತೆ ಸ್ಟ್ರಿಪ್ ಕೊಳ್ಳುವ ಖರ್ಚಿಲ್ಲ ಎಂಬುದೇ ಲಾಭ. ಮದ್ಯ ಸೇವಿಸಿದ್ದರೆ ಅಂಕಿ ಕೆಡಬಹುದು. ಡಿಕೆಎ ಭಯ ಇರುವವರು ಇದನ್ನು ನೆಚ್ಚಬೇಡಿ.

ಯಾರಿಗೆ ಯಾವುದು

ಟೈಪ್ 1 ಮಧುಮೇಹ, ಅದರಲ್ಲೂ ಮಕ್ಕಳು ಮತ್ತು ಇನ್ಸುಲಿನ್ ಪಂಪ್ ಹಾಕಿಕೊಂಡವರು: ರಕ್ತದ ಮೀಟರೇ. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಕೊಳವೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ, ಮೂತ್ರದ ಸ್ಟ್ರಿಪ್ ಅದನ್ನು ತಡವಾಗಿ ಹೇಳುತ್ತದೆ. ಶುಗರ್ 250 ದಾಟಿ ಇಳಿಯದಿದ್ದಾಗ, ಜ್ವರ, ವಾಂತಿ, ಭೇದಿ, ಹೊಟ್ಟೆನೋವು ಬಂದಾಗ ಶುಗರ್ ಎಷ್ಟೇ ಇದ್ದರೂ ಕೀಟೋನ್ ನೋಡಿ. ಮೀಟರ್ ಕೊಳ್ಳುವ ಶಕ್ತಿ ಇಲ್ಲವೆಂದರೆ ಮೂತ್ರದ ಸ್ಟ್ರಿಪ್ ಖಂಡಿತ ಇರಲಿ, ಕಾಯಿಲೆಯ ದಿನ ನಾಲ್ಕು ಗಂಟೆಗೊಮ್ಮೆ ನೋಡಿ. ಏನೂ ಇಲ್ಲದೆ ಕೂರುವುದಕ್ಕಿಂತ ಅದು ಎಷ್ಟೋ ಮೇಲು. ಊಟ ಸೇರುತ್ತಿಲ್ಲವೆಂದು ಬೇಸಲ್ ಇನ್ಸುಲಿನ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವುದು) ನಿಲ್ಲಿಸುವುದು ನಮ್ಮ ಮನೆಗಳಲ್ಲಿ ಮತ್ತೆಮತ್ತೆ ಆಗುವ ದೊಡ್ಡ ತಪ್ಪು. ಕೀಟೋನ್ ಏರುವುದೇ ಇನ್ಸುಲಿನ್ ಸಾಲದೆ. ಡೋಸ್ ಎಷ್ಟು ಹೆಚ್ಚಿಸಬೇಕು, ಯಾವಾಗ ಎಂಬ ಕಾಯಿಲೆ ದಿನದ ಚೀಟಿಯನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಬರೆಸಿಕೊಂಡು ಶಾಲೆಗೂ ಒಂದು ಪ್ರತಿ ಕೊಡಿ.

ಹೆಸರಿನ ಕೊನೆಗೆ "ಗ್ಲಿಫ್ಲೋಜಿನ್" ಬರುವ ಗುಳಿಗೆ ನುಂಗುವ ಟೈಪ್ 2ನವರು: ಇವರ ಬಗ್ಗೆಯೇ ಹೆಚ್ಚು ಹೇಳಬೇಕಿದೆ, ಏಕೆಂದರೆ ತಮಗೂ ಕೀಟೋನ್‌ಗೂ ಸಂಬಂಧವಿದೆ ಎಂದು ಇವರಲ್ಲಿ ಅನೇಕರಿಗೆ ಯಾರೂ ಹೇಳಿರುವುದಿಲ್ಲ. ಭಾರತದಲ್ಲಿ ಡಾಪಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಗ್ಲಿಫ್ಲೋಜಿನ್ ಪೇಟೆಂಟ್ 2025ರಲ್ಲಿ ಮುಗಿದ ಮೇಲೆ ಬೆಲೆ ಇಳಿದು ಇವು ಬಹಳ ಮನೆಗಳಿಗೆ ಬಂದಿವೆ, ಮೆಟ್‌ಫಾರ್ಮಿನ್ ಅಥವಾ ಸಿಟಗ್ಲಿಪ್ಟಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಯೂ ಇರುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು ಮಾಡುವ ಔಷಧ, ಹೆದರಿ ಬಿಡಬೇಡಿ. ಮಾತ್ರೆಯ ಹಿಂಬದಿ ಓದಿ ಗೊತ್ತುಮಾಡಿಕೊಳ್ಳಿ, ಅಷ್ಟೇ. ಇದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಡಿಕೆಎ ಆದಾಗಲೂ ಗ್ಲುಕೋಮೀಟರ್ 140, 160 ಎಂದು ತೋರಿಸಬಹುದು. ಶುಗರ್ ಚೆನ್ನಾಗಿದೆ, ವಾಂತಿ ಗ್ಯಾಸ್ಟ್ರಿಕ್‌ನಿಂದ ಇರಬೇಕು ಎಂದು ಮನೆಯವರು ಸುಮ್ಮನಾಗುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ 2015ರಲ್ಲೇ ಎಚ್ಚರಿಸಿತ್ತು. ಈ ಗುಳಿಗೆ ತೆಗೆದುಕೊಳ್ಳುವವರಿಗೆ ಮೂತ್ರಕ್ಕಿಂತ ರಕ್ತದ ಕೀಟೋನ್ ಪರೀಕ್ಷೆಯೇ ಒಳ್ಳೆಯದು. ಮೂತ್ರದ ಸ್ಟ್ರಿಪ್ಪಿನಲ್ಲಿ ಸಕ್ಕರೆ ಪ್ಯಾಡ್ ಯಾವಾಗಲೂ ಗಾಢವಾಗಿಯೇ ಬರುತ್ತದೆ, ಅದನ್ನು ನೋಡಿ ಕಂಗೆಡಬೇಡಿ. ದಿನವೂ ಪರೀಕ್ಷಿಸುವ ಅಗತ್ಯವಿಲ್ಲ. ವಾಂತಿಭೇದಿ ಆದಾಗ, ಊಟ ಬಿಟ್ಟ ದಿನ, ನಿರ್ಜಲ ಏಕಾದಶಿ, ರಂಜಾನ್ ಉಪವಾಸಗಳ ಮುನ್ನ ಗುಳಿಗೆ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸುವುದು ರೂಢಿ. ಈ ಗುಳಿಗೆಯ ಜೊತೆ ಕೀಟೋ ಡಯಟ್ ಮಾಡಲೇಬಾರದು.

ಗರ್ಭಿಣಿಯರು: ರಾತ್ರಿ ಊಟ ಬೇಗ ಮಾಡಿ ಬೆಳಗಿನ ತಿಂಡಿ ತಡವಾದರೂ ಮೂತ್ರದಲ್ಲಿ ಟ್ರೇಸ್ ಕಾಣಬಹುದು. ಮಧುಮೇಹವಿಲ್ಲದ ಗರ್ಭಿಣಿಗೆ ಮನೆಯಲ್ಲಿ ದಿನವೂ ಸ್ಟ್ರಿಪ್ ಅದ್ದುವುದರಿಂದ ಲಾಭವಿಲ್ಲ. ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜಿನ 2024ರ ಮಾರ್ಗಸೂಚಿಯೂ ವಾಂತಿಯ ತೀವ್ರತೆಯನ್ನು ಕೀಟೋನಿನಿಂದ ಅಳೆಯಬಾರದು ಎನ್ನುತ್ತದೆ. ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ತೂಕ ಇಳಿಯುತ್ತಿದೆ ಎಂಬ ಲಕ್ಷಣಗಳೇ ಆಸ್ಪತ್ರೆಗೆ ಹೋಗಲು ಸಾಕು. ಟೈಪ್ 1 ಇರುವ ಗರ್ಭಿಣಿಯಾದರೆ ಮಾತು ಬೇರೆ: ಶುಗರ್ 200 ಮುಟ್ಟದೆಯೂ ಡಿಕೆಎ ಆಗಬಲ್ಲದು, ರಕ್ತದ ಮೀಟರ್ ಕೈಯಲ್ಲಿರಬೇಕು.

ಕೀಟೋ ಡಯಟ್‌ನವರು: ಮಧುಮೇಹವಿಲ್ಲದಿದ್ದರೆ ಮೊದಲ ಕೆಲವು ವಾರಕ್ಕೆ ಮೂತ್ರದ ಸ್ಟ್ರಿಪ್ ಸಾಕು. ಆಮೇಲೆ ದೇಹ ಕೀಟೋನ್ ಬಳಸಲು ಹೊಂದಿಕೊಂಡಂತೆ ಮೂತ್ರಕ್ಕೆ ಹೋಗುವುದು ತಗ್ಗಿ ಬಣ್ಣ ತಿಳಿಯಾಗುತ್ತದೆ. ಡಯಟ್ ಕೆಟ್ಟಿತೆಂದು ಇನ್ನಷ್ಟು ಊಟ ಕಡಿಯಬೇಡಿ.

ಮಧುಮೇಹವಿಲ್ಲದ ಮಗುವಿಗೆ ವಾಂತಿಭೇದಿ: ಕೀಟೋನ್ ಬಂದಿದ್ದರೆ ಹೆಚ್ಚಾಗಿ ಹೊಟ್ಟೆ ಖಾಲಿ ಇರುವುದರಿಂದ. ಓಆರ್‌ಎಸ್, ಗಂಜಿ ಸೇರಿದಂತೆ ಇಳಿಯುತ್ತದೆ, ಸ್ಟ್ರಿಪ್ ಕೊಳ್ಳುವ ಅಗತ್ಯವಿಲ್ಲ. ಆದರೆ ಮಗು ಕೆಲವು ದಿನಗಳಿಂದ ವಿಪರೀತ ನೀರು ಕುಡಿಯುತ್ತಿದೆ, ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದೆ, ಸೊರಗುತ್ತಿದೆ ಎಂದಾದರೆ ಅದೇ ದಿನ ಶುಗರ್ ನೋಡಿಸಿ. ಟೈಪ್ 1 ಹಾಗೆಯೇ ಮೊದಲು ತಲೆಹಾಕುತ್ತದೆ.

ಪರೀಕ್ಷೆ ಬಿಟ್ಟು ಹೊರಡಬೇಕಾದಾಗ

ಮಧುಮೇಹ ಇರುವವರಲ್ಲಿ ಆಳವಾದ ವೇಗದ ಉಸಿರಾಟ, ಬಾಯಲ್ಲಿ ಹಣ್ಣಿನಂಥ ವಾಸನೆ, ನಿಲ್ಲದ ವಾಂತಿ, ಮಂಪರು, ತೊದಲು ಕಂಡರೆ ಸ್ಟ್ರಿಪ್ ಏನೇ ಹೇಳಲಿ, 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ತುರ್ತು ಘಟಕ ಇರುವ ಆಸ್ಪತ್ರೆಗೆ ಹೊರಡಿ. ನರ್ಸಿಂಗ್ ಹೋಮ್ ಆರಿಸುವಾಗ ಅಲ್ಲಿ ಐಸಿಯು ಇದೆಯೇ, ರಾತ್ರಿಯೂ ಬ್ಲಡ್ ಗ್ಯಾಸ್ (ರಕ್ತದ ಆಮ್ಲೀಯತೆ ನೋಡುವ ಪರೀಕ್ಷೆ) ಮಾಡುತ್ತಾರೆಯೇ ಎಂದು ಮುಂಚೆಯೇ ವಿಚಾರಿಸಿ ಇಟ್ಟುಕೊಂಡಿದ್ದರೆ ಆ ಹೊತ್ತಿನಲ್ಲಿ ಅಲೆದಾಟ ತಪ್ಪುತ್ತದೆ. ಮಕ್ಕಳಿಗಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯೂ ಬೆಂಗಳೂರಿನಲ್ಲಿದೆ.

ಹೋಗುವಾಗ ಗುಳಿಗೆಗಳ ಪಟ್ಟಿಗಿಂತ ಗುಳಿಗೆಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಕೊನೆಯ ಇನ್ಸುಲಿನ್ ಎಷ್ಟು ಹೊತ್ತಿಗೆ ಎಷ್ಟು ಯೂನಿಟ್, ಗ್ಲಿಫ್ಲೋಜಿನ್ ಇದ್ದರೆ ಕೊನೆಯದು ಯಾವಾಗ, ಕೀಟೋನ್ ನೋಡಿದ ಸಮಯ ಮತ್ತು ಅಂಕಿ – ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡ್ಯೂಟಿ ಡಾಕ್ಟರ್ ಕೈಗೆ ಕೊಡಿ. ಶುಗರ್ 200ರ ಒಳಗಿದ್ದರೂ, "ಈ ಗುಳಿಗೆ ತಗೊಳ್ತಾರೆ, ರಕ್ತದ ಕೀಟೋನ್ ಮತ್ತು ಬ್ಲಡ್ ಗ್ಯಾಸ್ ನೋಡ್ತೀರಾ ಡಾಕ್ಟ್ರೇ" ಎಂದು ಬಾಯಿಬಿಟ್ಟು ಕೇಳಿ.